ಅಮ್ಮ ನಾಮಿನಿ ಆಗಿದ್ದರೂ ಅಪ್ಪ ವಿಲ್ ಬರೆಯಬೇಕಾ?

ಬರೆಯಲೇಬೇಕು. ನಾಮಿನಿ ಅಂದ್ರೆ ವಾರಸುದಾರರಲ್ಲ. ಅಪ್ಪ ತೀರಿಕೊಂಡ ಮೇಲೆ ಬ್ಯಾಂಕು ಎಫ್‌ಡಿ ದುಡ್ಡನ್ನು ಅಮ್ಮನ ಕೈಗೆ ಕೊಡುತ್ತದೆ, ಅಷ್ಟೇ. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು (ಮದುವೆಯಾಗಿದ್ದರೂ), ಅಪ್ಪನ ತಾಯಿ ಇದ್ದರೆ ಅವರೂ ಸೇರಿ ಎಲ್ಲರಿಗೂ ಸಮಪಾಲು. ಅಜ್ಜಿಯನ್ನು ಎಲ್ಲರೂ ಮರೆತೇಬಿಡುತ್ತಾರೆ!

ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಅಪ್ಪನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಸಿಗುವವರನ್ನೇ ಸಾಕ್ಷಿ ಮಾಡಬೇಡಿ, ಸುಮ್ನೆ ಜಗಳ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಇನ್ನೊಂದು ವಿಷಯ. ಅಪ್ಪ ಐಸಿಯುನಲ್ಲಿದ್ದಾಗ ಅವರ ಖಾತೆಯಿಂದ ದುಡ್ಡು ತೆಗೆಯೋಕೆ ವಿಲ್ಲೂ ನಾಮಿನಿಯೂ ಉಪಯೋಗಕ್ಕೆ ಬರಲ್ಲ, ಎರಡೂ ಸತ್ತ ಮೇಲಿನ ಮಾತು ಅಲ್ವಾ? ಅದಕ್ಕೇ ಒಂದು ಖಾತೆಯನ್ನಾದರೂ ಅಮ್ಮನ ಜೊತೆ ‘ಈದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದಾದ) ಜಂಟಿ ಖಾತೆ ಮಾಡಿಸಿಡಿ.