ಸೋಯಾ ಬಿಡಬೇಕಿಲ್ಲ, ಎಣ್ಣೆ ಅಳೆಯಿರಿ

'ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ನನಗೆ 52, ಮುಟ್ಟು ನಿಂತಿದೆ, ಸೋಯಾ ಬಿಡಬೇಕಾ?' ಅಂತ ಕೇಳಿದ್ದೀರಿ. ಬೇಡ ಮೇಡಂ. ಅಡುಗೆಯಲ್ಲಿ ಬಳಸುವಷ್ಟು ಸೋಯಾದಿಂದ ಅಪಾಯ ಹೆಚ್ಚುವುದಿಲ್ಲ. ಸೋಯಾ ಸಾರದ ಮಾತ್ರೆಗಳನ್ನು ಮಾತ್ರ ನೀವಾಗಿಯೇ ತಗೋಬೇಡಿ.

ನಿಜಕ್ಕೂ ನೋಡಬೇಕಾದ್ದು ತೂಕ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಹೆಣ್ಣಿನ ಹಾರ್ಮೋನ್ ಬಹುಪಾಲು ತಯಾರಾಗುವುದು ಮೈಕೊಬ್ಬಿನಲ್ಲೇ; ಅದು ಹೆಚ್ಚಾದರೆ ಸ್ತನ ಕ್ಯಾನ್ಸರ್ ಅಪಾಯವೂ ಹೆಚ್ಚುತ್ತೆ. ಹಾಗಾಗಿ ಎಣ್ಣೆಯನ್ನು ಬಾಟಲಿಯಿಂದ ನೇರ ಬಾಣಲೆಗೆ ಸುರಿಯಬೇಡಿ, ಕೈ ಅಂದಾಜು ಯಾವಾಗಲೂ ಜಾಸ್ತಿಯೇ ಆಗುತ್ತೆ. ಒಗ್ಗರಣೆ, ದೋಸೆ ಕಾವಲಿ ಎಲ್ಲಾ ಸೇರಿ ಒಬ್ಬರಿಗೆ ದಿನಕ್ಕೆ 5 ಟೀ ಚಮಚ ಸಾಕು. ಅರ್ಧ ತಟ್ಟೆ ಪಲ್ಯ, ಕೋಸಂಬರಿ ಇರಲಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ: ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ. ಮದ್ಯ ಸ್ವಲ್ಪವೂ ಬೇಡ.

ಅಮ್ಮನಿಗೆ ಎಷ್ಟನೇ ವಯಸ್ಸಲ್ಲಿ ಬಂತು ಅಂತ ವೈದ್ಯರಿಗೆ ತಪ್ಪದೆ ಹೇಳಿ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ ಪರೀಕ್ಷೆ) ಯಾವಾಗ ಅಂತ ಕೇಳಿ.