ಕಾಡುಪಾಪದ ವಿಡಿಯೊ ಹಾಕುವ ಮೊದಲು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ನಗರದ ವನ್ಯಜೀವಿಗಳು

ಪ್ರಶ್ನೆ: ನಾವು ಯಲಹಂಕದ ಕಡೆಯ ನಾಲ್ಕು ಜನ ಗೆಳೆಯರು. ಹತ್ತಿರದ ತೋಪಿನಲ್ಲಿ ಒಂದು ರಾತ್ರಿ ಕಾಡುಪಾಪ (ಮರದ ಮೇಲಿರುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ, ಸ್ಲೆಂಡರ್ ಲೋರಿಸ್) ಕಾಣಿಸಿತು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಿದ್ದೇವೆ. ಯೂಟ್ಯೂಬ್ ಚಾನೆಲ್ ಶುರು ಮಾಡಿ, ಬೆಂಗಳೂರಿನ ಕಾಡುಪ್ರಾಣಿಗಳನ್ನು ಕನ್ನಡದಲ್ಲಿ ಪರಿಚಯಿಸುವ ಆಸೆ ಇದೆ. "ನಿಮಗೆ ಲೈಕ್ ಬರುತ್ತೆ, ಪ್ರಾಣಿಗೇನು ಬಂತು?" ಅಂತ ಮನೆಯಲ್ಲಿ ಕೇಳುತ್ತಾರೆ. ವಿಡಿಯೊದಿಂದ ನಿಜಕ್ಕೂ ಉಪಯೋಗ ಇದೆಯಾ?
– ಓದುಗರೊಬ್ಬರು, ಯಲಹಂಕ

ಉತ್ತರ: ಇದೆ. ಕೆಲವು ಸಲ ಕೆಡುಕೂ ಆಗುತ್ತದೆ. ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನೇ ಸ್ವಲ್ಪ ಬದಲಿಸಿ ನೀವು ಕೇಳಿಕೊಳ್ಳಿ: ಈ ವಿಡಿಯೊ ನೋಡಿದವರು ನಾಳೆ ಏನು ಮಾಡುತ್ತಾರೆ?

ಕಾಡುಪಾಪದ ಸಂಬಂಧಿ ಸ್ಲೋ ಲೋರಿಸ್‌ನ ಕತೆ ಕೇಳಿ. ಅದು ಆಗ್ನೇಯ ಏಷ್ಯಾದ ಮತ್ತು ನಮ್ಮ ಈಶಾನ್ಯ ರಾಜ್ಯಗಳ ಪ್ರಾಣಿ. 2009ರಲ್ಲಿ, ಮನೆಯಲ್ಲಿ ಸಾಕಿದ ಒಂದು ಸ್ಲೋ ಲೋರಿಸ್‌ಗೆ ಕಚಗುಳಿ ಇಡುವ ವಿಡಿಯೊ ಯೂಟ್ಯೂಬಿಗೆ ಬಂತು. ಅದು ಎರಡೂ ಕೈ ಮೇಲೆತ್ತಿ ಕೂತಿತ್ತು. ಲಕ್ಷಾಂತರ ಜನ ನೋಡಿದರು, ಎಷ್ಟು ಮುದ್ದಾಗಿದೆ ಅಂದರು. ಆದರೆ ಆ ಪ್ರಾಣಿ ಕೈ ಎತ್ತುವುದು ಹೆದರಿದಾಗ. ಅದರ ಮೊಣಕೈ ಹತ್ತಿರ ಒಂದು ಗ್ರಂಥಿ ಇದೆ. ಆ ಗ್ರಂಥಿಯ ದ್ರವ ಎಂಜಲಿನ ಜೊತೆ ಸೇರಿದರೆ ವಿಷ. ಕಚ್ಚಬೇಕಾಗಿ ಬಂದರೆ ಇರಲಿ ಎಂದು ಅದು ಕೈ ಎತ್ತಿ ಸಿದ್ಧವಾಗುತ್ತದೆ. ಅದು ಕಚ್ಚಬಾರದು ಅಂತಲೇ ಮಾರುವವರು ಅದರ ಹಲ್ಲು ಕತ್ತರಿಸುತ್ತಾರೆ.

ಆ ವಿಡಿಯೊದ ಕೆಳಗೆ ಬಂದಿದ್ದ ಸಾವಿರಾರು ಕಾಮೆಂಟುಗಳನ್ನು ಸಂಶೋಧಕರು ಕೂತು ಓದಿದರು. 2013ರಲ್ಲಿ ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅದರ ವರದಿ ಬಂತು. ಬಹಳ ಜನ ಬರೆದಿದ್ದು ಒಂದೇ ಮಾತು: ನನಗೂ ಒಂದು ಬೇಕು. ಪ್ರಾಣಿಯ ಮೇಲೆ ಅವರಿಗಿದ್ದ ಪ್ರೀತಿಯೇ ಅದಕ್ಕೆ ಮುಳುವಾಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ, ಅದು ನಿಮಗೆ ಧೈರ್ಯ ಕೊಡಬೇಕು. ಸ್ಲೋ ಲೋರಿಸ್‌ಗಳ ಕಷ್ಟ ತೋರಿಸುವ ಸಾಕ್ಷ್ಯಚಿತ್ರ ಟಿವಿಯಲ್ಲಿ ಪ್ರಸಾರವಾದ ಮೇಲೆ ಕಾಮೆಂಟುಗಳ ಧಾಟಿ ಬದಲಾಯಿತು. ಇದು ಸಾಕುವ ಪ್ರಾಣಿ ಅಲ್ಲ ಅಂತ ನೋಡುಗರೇ ಒಬ್ಬರಿಗೊಬ್ಬರು ಹೇಳತೊಡಗಿದರು. ಕೆಡಿಸಿದ್ದೂ ವಿಡಿಯೊ, ತಿದ್ದಿದ್ದೂ ವಿಡಿಯೊ.

ಹಾಗಾಗಿ ಕಾಡುಪಾಪವನ್ನು ಯಾರ ಕೈಯಲ್ಲೂ ತೋರಿಸಬೇಡಿ. ಕೆಳಗೆ ಬಿದ್ದದ್ದನ್ನು ಎತ್ತಿ ಉಳಿಸಿದ ದೃಶ್ಯವೇ ಇದ್ದರೂ ಬೇಡ. ಉಳಿಸಿದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಅಂಗೈಯಲ್ಲಿ ಹಿಡಿದದ್ದು ಮಾತ್ರ ಉಳಿಯುತ್ತದೆ. ಟಾರ್ಚಿನ ಬಿಳಿ ಬೆಳಕನ್ನು ಅದರ ಕಣ್ಣಿಗೆ ಬಿಡಬೇಡಿ. ಅಷ್ಟು ದೊಡ್ಡ ಕಣ್ಣು ಇರುವುದೇ ಕತ್ತಲಲ್ಲಿ ಹುಳ ಹುಪ್ಪಟೆ ಹುಡುಕಲು. ಅಧ್ಯಯನ ಮಾಡುವವರು ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿಕೊಳ್ಳುತ್ತಾರೆ. ದೃಶ್ಯ ಮಸುಕಾಗಿ ಬರುತ್ತದೆ, ಬರಲಿ. ಯಾಕೆ ಮಸುಕು ಅಂತ ವಿಡಿಯೊದಲ್ಲೇ ಹೇಳಿ. ನೋಡುಗರಿಗೆ ಅದೇ ಮೊದಲ ಪಾಠ.

ಜಾಗದ ವಿಷಯದಲ್ಲಿ ಇನ್ನೂ ಗಟ್ಟಿಯಾಗಿರಿ. ವಾಮಾಚಾರಕ್ಕೆಂದು ಕಾಡುಪಾಪ ಹಿಡಿಯುವವರು ಇದ್ದಾರೆ. ತೋಪಿನ ಹೆಸರು ಬೇಡ, ಹಿಂದೆ ಕಾಣುವ ದೇವಸ್ಥಾನದ ಗೋಪುರವೂ ಬೇಡ, ವಾಟರ್ ಟ್ಯಾಂಕೂ ಬೇಡ. ಮೊಬೈಲ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ಚಿತ್ರೀಕರಿಸಿದ ದಿನವೇ ಹಾಕಬೇಡಿ. ಪ್ರಾಣಿ ಪಕ್ಷಿ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್ ಕೂಡ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ತಾನಾಗಿಯೇ ಮರೆಮಾಡುತ್ತದೆ. ಕಾಮೆಂಟಿನಲ್ಲಿ "ಎಲ್ಲಿ ಬ್ರೋ?" ಅಂತ ಕೇಳೇ ಕೇಳುತ್ತಾರೆ. ಬೆಂಗಳೂರು ಅಂತಷ್ಟೇ ಹೇಳಿ, ಯಾಕೆ ಹೇಳುತ್ತಿಲ್ಲ ಅನ್ನೋದನ್ನೂ ತಿಳಿಸಿ.

ಇನ್ನು ನೋಡಿದವರು ಏನು ಮಾಡಬೇಕು ಅನ್ನೋದು. ಕಾಡುಪಾಪ ಕೊಂಬೆಯಿಂದ ಕೊಂಬೆಗೆ ಹಿಡಿದುಕೊಂಡೇ ನಡೆಯುತ್ತದೆ. ಮಂಗದ ಹಾಗೆ ಹಾರುವುದಿಲ್ಲ. ಅಕ್ಕಪಕ್ಕದ ಮರಗಳ ಕೊಂಬೆಗಳು ಒಂದಕ್ಕೊಂದು ತಾಗಿದ್ದರೆ ಅದಕ್ಕೆ ದಾರಿ ಉಂಟು. ನಡುವಿನ ಒಂದು ಮರ ಹೋದರೆ ಅದು ನೆಲಕ್ಕಿಳಿಯಬೇಕು, ಅಲ್ಲಿ ನಾಯಿಗಳಿವೆ. ಇಲ್ಲವೇ ಕರೆಂಟ್ ತಂತಿ ಹಿಡಿಯಬೇಕು. ಭಾರತೀಯ ವಿಜ್ಞಾನ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಂಥ ಹಳೆಯ ಆವರಣಗಳಲ್ಲಿ ಅದು ಉಳಿದಿರುವುದು ಅಲ್ಲಿ ಮರಗಳು ಒತ್ತೊತ್ತಾಗಿ ಇರುವುದರಿಂದ. ಆದ್ದರಿಂದ ನಿಮ್ಮ ವಿಡಿಯೊದ ಅರ್ಧ ಹೊತ್ತನ್ನು ಮರಗಳಿಗೇ ಕೊಡಿ. ಹಗಲಲ್ಲಿ ಹೋಗಿ, ಎಲ್ಲಿ ಕೊಂಬೆಗಳು ಕೂಡಿವೆ, ಎಲ್ಲಿ ಕಡಿದುಹೋಗಿವೆ ತೋರಿಸಿ. ಆಗ ನೋಡುವವರು ತಮ್ಮ ಬೀದಿಯ ಹೊಂಗೆ ಮರವನ್ನೂ ಬೇರೆ ಕಣ್ಣಿನಲ್ಲಿ ನೋಡುತ್ತಾರೆ.

ಜೊತೆಗೆ ಕಾನೂನೂ ತಿಳಿಸಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ನಗರದಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಯಾವುದಾದರೂ ಯೋಜನೆಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಮೊದಲು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ಬರೆಯುವುದು ಹೇಗೆ ಅಂತ ಎರಡು ನಿಮಿಷದ ಒಂದು ಕನ್ನಡ ವಿಡಿಯೊ ಮಾಡಿ. ನೋಡುವವರು ಕಡಿಮೆ ಇರಬಹುದು. ಆದರೆ ಅದನ್ನು ನೋಡಿ ಹತ್ತು ಜನ ಪತ್ರ ಬರೆದರೆ, ಹತ್ತು ಲಕ್ಷ ಲೈಕಿಗಿಂತ ನನಗೆ ಅದೇ ದೊಡ್ಡದು.

ಪ್ರಶ್ನೆ: ನಮ್ಮದು ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟ್. ಚಿರತೆ ಬಂದಿದೆ ಅಂತ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಸಿಸಿಟಿವಿ ವಿಡಿಯೊ ಬರುತ್ತದೆ. ಎಲ್ಲರಿಗೂ ಕಳಿಸಿ ಎಚ್ಚರಿಸಬೇಕಾ, ಸುಮ್ನೆ ಇರಬೇಕಾ?
– ಗೃಹಿಣಿಯೊಬ್ಬರು, ಬನ್ನೇರುಘಟ್ಟ ರಸ್ತೆ

ಉತ್ತರ: ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ವಿಡಿಯೊವನ್ನು ಅವರಿಗೆ ಕಳಿಸಿ. ಆಮೇಲೆ ನಿಮ್ಮ ಗುಂಪಿನಲ್ಲಿ ಒಂದು ಸಾಲು ಬರೆಯಿರಿ: ಇಲಾಖೆಗೆ ತಿಳಿಸಿದ್ದೇವೆ, ಕತ್ತಲಾದ ಮೇಲೆ ಮಕ್ಕಳನ್ನೂ ನಾಯಿಗಳನ್ನೂ ಒಳಗೆ ಇಟ್ಟುಕೊಳ್ಳಿ. ಅಷ್ಟೇ ಸಾಕು. ವಿಡಿಯೊವನ್ನು ಬೇರೆ ಗುಂಪುಗಳಿಗೆ ಕಳಿಸಬೇಡಿ. ಎಲ್ಲಿಯದೋ, ಯಾವಾಗಿನದೋ ವಿಡಿಯೊಗಳು "ನಿನ್ನೆ ರಾತ್ರಿ, ನಮ್ಮ ಲೇಔಟ್" ಅಂತ ಓಡಾಡುವುದು ಮಾಮೂಲು.

ಚಿರತೆಗಳು ನಮ್ಮ ನೆರೆಯವರು ಅನ್ನೋದನ್ನು ನಾವು ಒಪ್ಪಿಕೊಳ್ಳಬೇಕು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೂ ಸೇರಿ ಬೆಂಗಳೂರಿನ ಅಂಚಿನಲ್ಲಿ 80ರಿಂದ 85 ಚಿರತೆಗಳಿವೆ ಎಂದು ಹೊಳೆಮತ್ತಿ ನೇಚರ್ ಫೌಂಡೇಶನ್‌ನ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಅಧ್ಯಯನ ಹೇಳಿದೆ. ಇವುಗಳಲ್ಲಿ ಹೆಚ್ಚಿನವನ್ನು ಯಾರೂ ನೋಡೇ ಇಲ್ಲ, ಅವು ಯಾರ ತಂಟೆಗೂ ಬಂದಿಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಕೂಡ್ಲು ಗೇಟ್, ಸಿಂಗಸಂದ್ರದ ಕಡೆ ಕಾಣಿಸಿದ ಚಿರತೆಯ ವಿಡಿಯೊಗಳು ನಿಮಗೂ ಬಂದಿರಬಹುದು. ಕೆಲವೇ ದಿನಗಳಲ್ಲಿ, ಅದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ಸತ್ತಿತು. ಆ ಸಾವು ನನ್ನನ್ನು ಈಗಲೂ ಕಾಡುತ್ತದೆ. ಚಿರತೆ ಇರುವ ಜಾಗಕ್ಕೆ ಜನ ಮೊಬೈಲ್ ಹಿಡಿದು ಮುಗಿಬಿದ್ದರೆ ಅದಕ್ಕೆ ಓಡುವ ದಾರಿ ಇರುವುದಿಲ್ಲ. ಕಂಗಾಲಾದ ಚಿರತೆ ಎದುರಿಗೆ ಸಿಕ್ಕವರ ಮೇಲೆ ಎರಗುತ್ತದೆ. ಅರಿವಳಿಕೆ ಕೊಡುವ ವೈದ್ಯರಿಗೂ ಕೈ ಆಡುವುದಿಲ್ಲ. ನೀವು ವಿಡಿಯೊ ಹಂಚದಿದ್ದರೆ ಗುಂಪು ಕಡಿಮೆ ಸೇರುತ್ತದೆ. ಅಷ್ಟರಮಟ್ಟಿಗೆ ಚಿರತೆ ಬದುಕುವ ಅವಕಾಶ ಜಾಸ್ತಿ.

ಪ್ರಶ್ನೆ: ನಾನು ಹೆಸರಘಟ್ಟ ಹತ್ತಿರದ ಸರ್ಕಾರಿ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಹುಲ್ಲುಗಾವಲಿನ ಹಕ್ಕಿಗಳ ವಿಡಿಯೊ ತೋರಿಸುತ್ತೇನೆ, ತುಂಬಾ ಖುಷಿಪಡುತ್ತಾರೆ. ಊರಿನ ಹಿರಿಯರು ಮಾತ್ರ "ಹಕ್ಕಿ ಉಳಿಸಿದರೆ ನಮ್ಮ ಕುರಿ ಎಲ್ಲಿಗೆ ಹೋಗಬೇಕು?" ಅಂತ ಬೇಸರ ಮಾಡಿಕೊಳ್ಳುತ್ತಾರೆ. ಅವರನ್ನು ಹೇಗೆ ಸೇರಿಸಿಕೊಳ್ಳಲಿ?
– ಶಿಕ್ಷಕರೊಬ್ಬರು, ಹೆಸರಘಟ್ಟ

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಬೆಂಗಳೂರಿನ ನಾವು ಹೆಸರಘಟ್ಟದ ಬಗ್ಗೆ ಮಾಡಿದ ಫೋಟೊ, ವಿಡಿಯೊಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿದ್ದವು. ಅವುಗಳಲ್ಲಿ ಹಕ್ಕಿ ಇತ್ತು, ಕುರಿ ಇರಲಿಲ್ಲ. ಆ ಹುಲ್ಲುಗಾವಲನ್ನು ಕನ್ಸರ್ವೇಶನ್ ರಿಸರ್ವ್ (ಸಂರಕ್ಷಣಾ ಮೀಸಲು ಪ್ರದೇಶ) ಮಾಡುವ ಪ್ರಸ್ತಾಪವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತು. ಸ್ಥಳೀಯರ ವಿರೋಧವೂ ಅದಕ್ಕೆ ಒಂದು ಕಾರಣ. ಮತ್ತೆ ಮಂಡಳಿ ಒಪ್ಪಿದ್ದು 2024ರಲ್ಲಿ, ಸುಮಾರು 5,678 ಎಕರೆಗೆ. ರಾಷ್ಟ್ರೀಯ ಉದ್ಯಾನದಲ್ಲಿ ಇರುವಂಥ ಕಟ್ಟುನಿಟ್ಟು ಕನ್ಸರ್ವೇಶನ್ ರಿಸರ್ವ್‌ನಲ್ಲಿ ಇಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳೂ ಇರಬೇಕು ಅಂತ ಕಾನೂನೇ ಹೇಳುತ್ತದೆ. ಈ ಮಾತು ಹಿರಿಯರಿಗೆ ಮೊದಲು ತಲುಪಬೇಕಿತ್ತು.

ಈಗ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಅವಕಾಶ ಇದೆ. ಮಕ್ಕಳಿಗೆ ಮೊಬೈಲ್ ಕೊಟ್ಟು, ಅವರ ಅಜ್ಜ ಅಜ್ಜಿಯರನ್ನು ಮಾತಾಡಿಸಲು ಹೇಳಿ. ಯಾವ ತಿಂಗಳಲ್ಲಿ ಯಾವ ಹುಲ್ಲು ಬರುತ್ತದೆ? ಮೊದಲು ಯಾವ ಹಕ್ಕಿ ಇತ್ತು, ಈಗ ಇಲ್ಲ? ಕುರಿ ಕಾಯುವವರಿಗೆ ಗೊತ್ತಿರುವಷ್ಟು ನಮ್ಮಂಥವರಿಗೆ ಗೊತ್ತಿರುವುದಿಲ್ಲ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳನ್ನು ಅವರು ದಿನಾ ನೋಡುತ್ತಾರೆ. ಹುಲ್ಲಿನ ಮೇಲೆ ಜೀಪು, ಬೈಕು ಓಡಿಸುವ ಪೇಟೆಯವರಿಂದ ಆ ಗೂಡುಗಳಿಗೆ ಏನಾಗುತ್ತದೆ ಅಂತಲೂ ಅವರಿಗೆ ಗೊತ್ತು. ಆ ದೂರು ವಿಡಿಯೊದಲ್ಲಿ ಅವರ ಬಾಯಿಂದಲೇ ಬರಲಿ. ಆಮೇಲೆ ಒಂದು ಸಂಜೆ ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಊರಿಗೆಲ್ಲ ತೋರಿಸಿ. ಆನ್‌ಲೈನಿಗೆ ಹಾಕುವುದು ಆಮೇಲಿನ ಮಾತು, ಅದೂ ಅವರು ಒಪ್ಪಿದರೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ. ಊರಿನ ಯುವಕರ ಹೆಜ್ಜಾರ್ಲೆ ಬಳಗ ಕೆಳಗೆ ಬಿದ್ದ ಮರಿಗಳನ್ನು ಸಾಕಿ ಬಿಟ್ಟಿದೆ. ಇದೆಲ್ಲ ಶುರುವಾಗಿದ್ದು ಸ್ಮಾರ್ಟ್‌ಫೋನ್ ಬರುವ ಎಷ್ಟೋ ಮೊದಲು. ಅಲ್ಲಿನ ಒಬ್ಬ ಹಿರಿಯರನ್ನೂ ನಿಮ್ಮೂರಿನ ಒಬ್ಬ ಹಿರಿಯರನ್ನೂ ಮಾತಿಗೆ ಕೂರಿಸಿ. ನೀವು, ನಾನು ಹೇಳುವುದಕ್ಕಿಂತ ಅವರಿಬ್ಬರ ಮಾತು ಚೆನ್ನಾಗಿ ನಾಟುತ್ತದೆ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಯಲ್ಲೂ ಮಕ್ಕಳು ಸೇರಬಹುದು. ಹದಿನೈದು ನಿಮಿಷ ಒಂದು ಕಡೆ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ಇಬರ್ಡ್ ಆ್ಯಪ್‌ನಲ್ಲಿ ದಾಖಲಿಸಿದರೆ ಆಯಿತು. ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ನಮ್ಮ ಭಾವನ ಮಗ ಪಂಜರದ ಗಿಳಿ, ನಕ್ಷತ್ರ ಆಮೆ ಇಟ್ಟುಕೊಂಡು ರೀಲ್ಸ್ ಮಾಡುತ್ತಾನೆ. "ಜನರಿಗೆ ಪ್ರಾಣಿಪ್ರೀತಿ ಹುಟ್ಟಲಿ ಅಂತ" ಅನ್ನುತ್ತಾನೆ. ತಪ್ಪಾ?
– ಓದುಗರೊಬ್ಬರು, ಕೆಂಗೇರಿ

ಉತ್ತರ: ತಪ್ಪು, ಅಪರಾಧವೂ ಹೌದು. ನಮ್ಮ ದೇಶದ ಗಿಳಿ, ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಸಾಕುವಂತಿಲ್ಲ. ನಕ್ಷತ್ರ ಆಮೆಯಂತೂ ಕಳ್ಳಸಾಗಣೆಯಿಂದ ಬಹಳ ನಲುಗಿದೆ. ಅವನ ರೀಲ್ಸ್ ನೋಡಿದವರು ಆಮೆ ಕೊಳ್ಳಲು ಹುಡುಕುತ್ತಾರೆ, ಸ್ಲೋ ಲೋರಿಸ್‌ಗೆ ಆದದ್ದೇ ಇಲ್ಲೂ ಆಗುತ್ತದೆ. ಬೈಯಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿ. ಆದರೆ ಅವನೇ ಹೋಗಿ ಕೆರೆ ದಂಡೆಯಲ್ಲಿ ಬಿಟ್ಟು ಬರುವುದು ಬೇಡ. ನಕ್ಷತ್ರ ಆಮೆ ಒಣ ನೆಲದ್ದು, ನೀರಿನದಲ್ಲ. ಪಂಜರದಲ್ಲೇ ಬೆಳೆದ ಗಿಳಿಗೆ ಹಾರಿ ಮೇವು ಹುಡುಕುವ ರೂಢಿ ಇರುವುದಿಲ್ಲ. 1926ಕ್ಕೆ ಫೋನ್ ಮಾಡಿ ಅರಣ್ಯ ಇಲಾಖೆಗೆ ಒಪ್ಪಿಸಲಿ. ಹಳೆಯ ರೀಲ್ಸ್‌ಗಳನ್ನು ಅಳಿಸಿ, ಯಾಕೆ ಅಳಿಸಿದೆ ಅಂತ ಒಂದು ಹೊಸ ರೀಲ್ ಹಾಕಲಿ. ಅವನನ್ನು ಫಾಲೋ ಮಾಡುವ ಹುಡುಗರು ನನ್ನ ಮಾತಿಗಿಂತ ಅವನ ಮಾತನ್ನೇ ಕೇಳುತ್ತಾರೆ.