ನಷ್ಟವೂ ಅವರದೇ, ಸಾಲವೂ ಅವರದೇ ಆಗಬೇಕೆ?

ಪ್ರಶ್ನೆ: ಹವಾಮಾನ ಬದಲಾವಣೆಯಿಂದ ಪೆಟ್ಟು ತಿಂದ ಬಡ ದೇಶಗಳಿಗಾಗಿ ‘ನಷ್ಟ ಮತ್ತು ಹಾನಿ’ ನಿಧಿಯೊಂದು ಸ್ಥಾಪನೆಯಾಗಿದೆ ಎಂದು ಓದಿದೆ. ತುರ್ತು ಪರಿಹಾರ, ಅಂತರರಾಷ್ಟ್ರೀಯ ಸಾಲ, ವಿಮೆ ಇವೆಲ್ಲ ಮೊದಲೇ ಇರುವಾಗ ಪ್ರತ್ಯೇಕ ನಿಧಿಯ ಅಗತ್ಯವೇನು?

ಉತ್ತರ: ತಾವು ಹೇಳಿದ ಮೂರೂ ದಾರಿಗಳು ಇವೆ, ದೊಡ್ಡ ಪೆಟ್ಟು ಬಿದ್ದಾಗ ಅವು ಸಾಲುವುದಿಲ್ಲ ಎಂಬುದೇ ತೊಡಕು. 2022ರ ನೆರೆಯಲ್ಲಿ ಪಾಕಿಸ್ತಾನದ ಸುಮಾರು 3.3 ಕೋಟಿ ಜನ ಸಂಕಷ್ಟಕ್ಕೆ ಸಿಲುಕಿದರು, 1,700ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು, ಒಟ್ಟು ನಷ್ಟದ ಅಂದಾಜು 3,000 ಕೋಟಿ ಡಾಲರ್ ದಾಟಿತು. ಮರುವರ್ಷದ ಜನವರಿಯಲ್ಲಿ ಜಿನೀವಾದಲ್ಲಿ ಸೇರಿದ ದಾನಿಗಳು 900 ಕೋಟಿ ಡಾಲರಿಗೂ ಹೆಚ್ಚಿನ ನೆರವು ಘೋಷಿಸಿದರು ನಿಜ, ಆದರೆ ಅದರಲ್ಲಿ ಬಹುಪಾಲು ಸಾಲವೇ ಆಗಿತ್ತು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 1ರಷ್ಟನ್ನೂ ಹೊರಸೂಸದ ದೇಶವು ಕೊಚ್ಚಿಹೋದ ಸೇತುವೆಯನ್ನು ಮತ್ತೆ ಕಟ್ಟಲು ಸಾಲ ಮಾಡಿ, ಆ ಸಾಲ ತೀರಿಸಲು ಶಾಲೆ, ಆಸ್ಪತ್ರೆಗಳ ಖರ್ಚಿಗೆ ಕತ್ತರಿ ಹಾಕಬೇಕಾಗುವ ಸ್ಥಿತಿಯನ್ನು ನೆರವು ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ವಿಮೆಯ ಮಾತಿಗೆ ಬರೋಣ. 2017ರ ಮರಿಯಾ ಚಂಡಮಾರುತವು ಪುಟ್ಟ ದ್ವೀಪರಾಷ್ಟ್ರ ಡೊಮಿನಿಕಾದಲ್ಲಿ ಸುಮಾರು 130 ಕೋಟಿ ಡಾಲರ್ ನಷ್ಟ ಉಂಟುಮಾಡಿತು. ಅದು ಆ ದೇಶದ ವಾರ್ಷಿಕ ಉತ್ಪನ್ನದ ಎರಡು ಪಟ್ಟಿಗೂ ಹೆಚ್ಚು. ಕೆರಿಬಿಯನ್ ದೇಶಗಳು ಒಟ್ಟಾಗಿ ನಡೆಸುವ ವಿಮಾ ಸಂಸ್ಥೆ ಎರಡೇ ವಾರದಲ್ಲಿ ಹಣ ಕೊಟ್ಟಿತಾದರೂ ಅದರ ಮೊತ್ತ ಸುಮಾರು 1.9 ಕೋಟಿ ಡಾಲರ್ ಮಾತ್ರ. ವಿಮೆ ಬೇಗ ಕೈಗೆ ಬರುತ್ತದೆ, ಆದ್ದರಿಂದ ಅದು ಇರಬೇಕು. ಆದರೆ ವರ್ಷವರ್ಷವೂ ಇಷ್ಟಿಷ್ಟೇ ಏರುವ ಸಮುದ್ರ, ಉಪ್ಪಾಗುವ ಬಾವಿ, ಪೂರ್ವಿಕರ ಸಮಾಧಿಗಳನ್ನು ಬಿಟ್ಟು ಊರನ್ನೇ ಎತ್ತಂಗಡಿ ಮಾಡಬೇಕಾದ ಸಂಕಟ ಇವುಗಳಿಗೆ ವಿಮೆ ಹೊಂದುವುದಿಲ್ಲ. ಅಂಥ ನಷ್ಟಕ್ಕೆ ಅನುದಾನವೇ ಬೇಕು.

ಪ್ರಶ್ನೆ: ಹಾಗಾದರೆ ಆ ನಿಧಿಗೆ ಹಣ ಕೊಡುವುದು ಶ್ರೀಮಂತ ದೇಶಗಳ ಕರ್ತವ್ಯವೆ, ಔದಾರ್ಯವೆ?

ಉತ್ತರ: ಸದ್ಯದ ವ್ಯವಸ್ಥೆಯಲ್ಲಿ ಅದು ಸ್ವಇಚ್ಛೆಯ ವಂತಿಗೆ. ಸಣ್ಣ ದ್ವೀಪರಾಷ್ಟ್ರಗಳ ಪರವಾಗಿ ಪೆಸಿಫಿಕ್ ಸಾಗರದ ವನುವಾಟು 1991ರಲ್ಲಿಯೇ ಇಂಥ ಏರ್ಪಾಡನ್ನು ಕೇಳಿತ್ತು. ನಿಧಿ ಸ್ಥಾಪಿಸುವ ತೀರ್ಮಾನವಾದದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ. ನಡುವೆ, 2015ರ ಪ್ಯಾರಿಸ್ ಒಪ್ಪಂದದಲ್ಲಿ ನಷ್ಟ ಮತ್ತು ಹಾನಿಗೆ ಪ್ರತ್ಯೇಕ ವಿಧಿ ಸಿಕ್ಕಿತಾದರೂ, ಅದು ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರವಾಗದು ಎಂಬ ಮಾತನ್ನು ಶ್ರೀಮಂತ ದೇಶಗಳ ಒತ್ತಾಯದಿಂದ ಜೊತೆಯ ನಿರ್ಣಯದಲ್ಲಿ ಸೇರಿಸಲಾಯಿತು. ಅದರ ಫಲ ಲೆಕ್ಕದಲ್ಲಿ ಕಾಣುತ್ತದೆ: 2025ರ ವೇಳೆಗೂ ಘೋಷಣೆಯಾದ ವಂತಿಗೆಯೆಲ್ಲ ಸೇರಿ 100 ಕೋಟಿ ಡಾಲರನ್ನು ಮುಟ್ಟಿರಲಿಲ್ಲ; ಆ ವರ್ಷ ಬಾರ್ಬಡೋಸ್‌ನಲ್ಲಿ ನಿಧಿಯ ಮಂಡಳಿ ಆರಂಭದ ಹಂತಕ್ಕೆ ಎತ್ತಿಟ್ಟದ್ದು 25 ಕೋಟಿ ಡಾಲರ್. ಅದರಲ್ಲಿ ಕನಿಷ್ಠ ಅರ್ಧ ಭಾಗವನ್ನು ಅತ್ಯಂತ ಹಿಂದುಳಿದ ದೇಶಗಳಿಗೂ ಸಣ್ಣ ದ್ವೀಪರಾಷ್ಟ್ರಗಳಿಗೂ ಮೀಸಲಿಟ್ಟಿರುವುದು ಮತ್ತು ಹಣವನ್ನು ಅನುದಾನವಾಗಿ ಕೊಡಲು ತೀರ್ಮಾನಿಸಿರುವುದು ಸರಿಯಾದ ಹೆಜ್ಜೆ ಎಂದೇ ನಾನು ತಿಳಿದಿದ್ದೇನೆ. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು, ಹವಾಮಾನ ರಕ್ಷಣೆಯ ಬಾಧ್ಯತೆಗಳನ್ನು ಮುರಿದ ದೇಶವು ಹಾನಿ ತುಂಬಿಕೊಡಬೇಕಾಗಿ ಬರಬಹುದು ಎಂಬ ಸಲಹಾ ಅಭಿಪ್ರಾಯ ನೀಡಿದ ಮೇಲೆ, ಔದಾರ್ಯವೆಂಬ ಮಾತಿಗೆ ಮೊದಲಿನ ಬಲ ಉಳಿದಿಲ್ಲ.

ಪ್ರಶ್ನೆ: ನಿಧಿ ತುಂಬುವವರೆಗೆ ಸಾಲದಲ್ಲಿರುವ ದೇಶಗಳು ಏನು ಮಾಡಬೇಕು?

ಉತ್ತರ: ವಿಪತ್ತು ಬಂದಾಗ ಕಂತು ಕಟ್ಟುವುದನ್ನು ಮುಂದೂಡುವ ಷರತ್ತನ್ನು ಸಾಲಪತ್ರದಲ್ಲಿಯೇ ಬರೆಸಿಕೊಳ್ಳಬಹುದು. ಕೆರಿಬಿಯನ್ ದ್ವೀಪರಾಷ್ಟ್ರ ಗ್ರೆನಡಾ ಹಾಗೆ ಮಾಡಿತ್ತು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಅಪ್ಪಳಿಸಿದಾಗ ಆ ಷರತ್ತನ್ನು ಬಳಸಿ ಕಂತುಗಳನ್ನು ಮುಂದಕ್ಕೆ ಹಾಕಿತು. ಇದರಿಂದ ಸಾಲ ಕರಗುವುದಿಲ್ಲ, ಆದರೆ ಮನೆಗಳ ಮಾಡು ಹಾರಿಹೋದ ತಿಂಗಳಿನಲ್ಲಿ ಸರ್ಕಾರದ ಕೈಯಲ್ಲಿ ಹಣ ಉಳಿಯುತ್ತದೆ.